ಕೂತವರ ಅಳತೆ

“ಕೆಳಗ ಕೂಡು. ಕಾಲು ಮಡಚಿ, ಗ್ವಾಡಿಗೆ ಬೆನ್ನು ಹಚ್ಚಿ.”

ಮದುವೆಯಾದ ಐದನೆಯ ದಿನ, ಗಂಡ ತಾನಾಗಿ ಆಡಿದ ಮೊದಲ ಉದ್ದದ ಮಾತು ಇದು. ಅಲ್ಲಿಯವರೆಗೆ ‘ಚಹಾ’, ‘ಸಾಕು’, ‘ಬರ್ತೀನಿ’ ಇಷ್ಟರಲ್ಲೇ ಸಂಸಾರ ನಡೆದಿತ್ತು.

ಮಾಧುರಿ ಪಡಸಾಲೆಯ ಗೋಡೆಗೆ ಒರಗಿ ಕೂತಳು. ಸಿದ್ದಾರೂಢ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅವಳ ನೆತ್ತಿಗೆ ಸಮನಾಗಿ ಗೋಡೆಯ ಮೇಲೆ ಗೆರೆ ಎಳೆದ. ಅವಳ ಕೂದಲಿಗೆ ಬೆರಳು ತಾಗಿದ್ದೇ ತಡ, ಬಿಸಿ ಮುಟ್ಟಿದವನಂತೆ ಹಿಂದೆ ಸರಿದ.

“ಏನ್ ಮಾಡಾಕತ್ತೀರಿ?”

“ಕಪಾಟು.”

“ಕಪಾಟಿಗೆ ನನ್ನ ಅಳತಿ ಯಾಕ್ರಿ?”

ಅವನು ಆಗಲೇ ಸಾಗವಾನಿ ಹಲಗೆಯ ಮೇಲೆ ಬಗ್ಗಿದ್ದ.

ಎದ್ದು ತಿರುಗಿ ನೋಡಿದಳು. ಅವಳ ಗೆರೆಗಿಂತ ಎರಡು ಬೆರಳು ಕೆಳಗೆ ಇನ್ನೊಂದು ಗೆರೆ ಇತ್ತು. ಹಳೆಯದು, ಮಾಸಿದ್ದು.

ಅದೂ ಕೂತವರದೇ ಅಳತೆ.

ಮಾಧುರಿಯದು ಇಂಡಿ ಕಡೆಯ ಲಿಂಗಾಯತ ಮನೆ. ಅಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತಾರೆ. ಅಜ್ಜ ತೀರಿಕೊಂಡ ದಿನ, ಗೋಡೆಗೆ ಒರಗಿಸಿ ಕೂರಿಸಿದ್ದ ಅವನ ಪಕ್ಕದಲ್ಲಿ ಕುಣಿ ಎಷ್ಟು ಆಳ ತೋಡಬೇಕೆಂದು ಅಳೆಯಲು ಒಬ್ಬ ದಾರ ಹಿಡಿದು ನಿಂತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬದುಕಿದ್ದವರನ್ನು ಹಾಗೆ ಕಾಲು ಮಡಚಿ ಕೂರಿಸಿ ಯಾರು ಅಳೆಯುತ್ತಾರೆ?

*ಇವರಿಗೆ ಇದು ಗೊತ್ತಿಲ್ಲವೇ... ಇವರೂ ನಮ್ಮವರೇ ಅಲ್ಲವೇ?*

ಪುಣೆಯ ಭವಾನಿ ಪೇಠೆಯ ಹಳೆಯ ವಾಡೆಯಲ್ಲಿ ಎರಡು ಕೋಣೆ, ಹಿಂದೊಂದು ತಗಡು ಹೊದಿಸಿದ ಪಡಸಾಲೆ. ಸಿದ್ದಾರೂಢ ಹಗಲು ಆಫೀಸಿನಲ್ಲಿ ಕಾರಕೂನ, ಸಂಜೆ ಆ ಪಡಸಾಲೆಯಲ್ಲಿ ಬಡಿಗ. ಮೊದಲ ಹೆಂಡತಿ ಇಂದೂ ಜ್ವರದಿಂದ ತೀರಿಕೊಂಡು ಆರು ವರ್ಷವಾಯಿತು ಎಂದಷ್ಟೇ ತಿಳಿಸಿ, ತೊಂಬತ್ತೇಳರ ಚಳಿಗಾಲದಲ್ಲಿ ತವರಿನವರು ಮಾಧುರಿಯನ್ನು ಕೊಟ್ಟಿದ್ದರು. ಉಳಿದದ್ದನ್ನು ಪಕ್ಕದ ಮನೆಯ ರಂಗೂಬಾಯಿ ಹೇಳಿದಳು, ನಳದ ಹತ್ತಿರ, ತನ್ನ ಮರಾಠಿಯಲ್ಲಿ.

“ನಿನ್ನ ಅಳತೇನೂ ತಗೊಂಡನಾ? ಇಂದೂಂದೂ ಹೀಗೇ ತಗೊಂಡಿದ್ದ. ಎಂಟನೇ ದಿನ ಜ್ವರ ಬಂತು ಪಾಪ. ಮತ್ತೆ ಏಳಲೇ ಇಲ್ಲ.”

ರಂಗೂಬಾಯಿಯ ಮನಸ್ಸು ಕೆಟ್ಟದಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಅಷ್ಟೇ.

ಅಳೆದದ್ದು ಮಂಗಳವಾರ. ಮಾಧುರಿ ಬೆರಳು ಮಡಚಿ ಎಣಿಸಿದಳು. ಮುಂದಿನ ಮಂಗಳವಾರಕ್ಕೆ ಎಂಟು.

ಶುಕ್ರವಾರದ ಹೊತ್ತಿಗೆ, ಅವನು ಕಪಾಟು ಎಂದ ಆ ಪೆಟ್ಟಿಗೆ ಎದ್ದು ನಿಂತಿತು. ಡ್ರಾವರ್ ಇಲ್ಲ, ಬಾಗಿಲಿಲ್ಲ, ಬರೀ ಟೊಳ್ಳು. ಅವನು ಆಫೀಸಿಗೆ ಹೋದಾಗ ಅವಳು ಅದರ ಪಕ್ಕ ಕಾಲು ಮಡಚಿ ಕೂತು ನೋಡಿದಳು. ಮೇಲಿನ ಹಲಗೆ ಅವಳ ನೆತ್ತಿಗೆ ಸರಿಯಾಗಿ ಬಂತು. ಥಟ್ಟನೆ ಎದ್ದು ಒಳಗೆ ಬಂದಳು.

ಭಾನುವಾರ ಗಂಡನ ಗೆಳೆಯ ಹುಲಿಗೆಪ್ಪ ಬಂದಿದ್ದ. ಅಡುಗೆಮನೆಗೆ ಕೇಳಿಸುವಂತೆಯೇ ಸಿದ್ದಾರೂಢ ಅಂದ, “ಮಂಗಳವಾರದೊಳಗ ಮುಗೀಬೇಕಪ್ಪಾ. ಆಮ್ಯಾಲೆ ಮುಗದು ಏನು ಉಪಯೋಗ?”

ಮಾಧುರಿ ಹಾಕಿದ್ದ ರೊಟ್ಟಿ ಹಂಚಿನ ಮೇಲೇ ಸೀದಿತು.

ಮಂಗಳವಾರ ಬೆಳಿಗ್ಗೆ ಎದ್ದಾಗ ತಲೆ ಭಾರ. ಮೈ ಬೆಚ್ಚಗಿತ್ತೋ, ಹೆದರಿಕೆಗೆ ಹಾಗನ್ನಿಸಿತೋ... ಅವನು ರಜೆ ಹಾಕಿ ಎಲ್ಲಿಗೋ ಹೋಗಿದ್ದ. ಸ್ವಾರಗೇಟಿನಿಂದ ಮಧ್ಯಾಹ್ನ ಊರಿಗೆ ಬಸ್ಸಿತ್ತು. ನಾಲ್ಕು ಸೀರೆ ತುರುಕಿಕೊಂಡು ಬ್ಯಾಗು ಎತ್ತಿದಳು. *ಗಂಡನ ಮನೆ ಬಿಟ್ಟು ಬಂದಳು ಅನ್ನಲಿ. ಜೀವಂತ ಬಂದಳಲ್ಲ!*

ಬಾಗಿಲು ತೆರೆದರೆ ಎದುರಿಗೇ ಅವನು. ಗೋಣಿತಟ್ಟಿನಲ್ಲಿ ಸುತ್ತಿದ ಚಪ್ಪಟೆಯ ವಸ್ತುವನ್ನು ಮಗುವಿನಂತೆ ಅವುಚಿ ಹಿಡಿದಿದ್ದ.

ಅವನ ಕಣ್ಣು ಬ್ಯಾಗಿನ ಮೇಲೆ ನಿಂತಿತು.

“ಊರಿಗಿ ಹೊಂಟಿ?”

“ಸಾಯಾಕ ಮನಸಿಲ್ಲರಿ ನನಗ.” ಅವಳ ಧ್ವನಿ ಒಡೆಯಿತು. “ಕೆಳಗಿನ ಗೆರಿ ಇಂದೂ ಅವರದಲ್ಲೇನು?”

ಅವನು ತಟ್ಟು ಬಿಚ್ಚಿದ. ಒಳಗೆ ಕನ್ನಡಿ ಇತ್ತು.

“ನೋಡಾಕ ಬಂದಾಗ ನೀ ಒಳಗ ನೆಲದ ಮ್ಯಾಲ ಕುಂತು ತಲಿ ಬಾಚ್ಕೋತಿದ್ದಿ. ಕನ್ನಡಿ ಜ್ವಾಳದ ಚೀಲಕ್ಕ ಒರಗಿಸಿದ್ದಿ. ಕುತಗಿ ಬಗ್ಗಿಸಿ ಬಗ್ಗಿಸಿ ಭಾಳ ತ್ರಾಸ ಪಡತಿದ್ದಿ. ಕುಂತ ಅಳತಿಗೆ ಕನ್ನಡಿ ಕಪಾಟ ಮಾಡಿ ಕೊಡಬೇಕಂತ ಅವತ್ತೇ ಅಂದ್ಕೊಂಡೆ.”

“ಮತ್ತ ಆ ಗೆರಿ?”

“ಇಂದೂಗೂ ಹಿಂಗೇ ಮಾಡಿ ಕೊಡ್ತೀನಂದಿದ್ದೆ. ಇವತ್ತು, ನಾಳೆ ಅಂತ ತಳ್ಳಿದೆ. ಎಂಟನೇ ದಿನ ಜ್ವರ ಬಂತು.” ಅವನು ಗೋಡೆ ಹಿಡಿದುಕೊಂಡ. “ಕುಣಿ ತೋಡವರು ಅಳತಿ ಕೇಳಿದ್ರು. ಗ್ವಾಡಿ ಮ್ಯಾಲಿದ್ದದ್ದೇ ಹೇಳಿದೆ, ಮಾಧುರಿ.”

ಅವಳ ಕೈಯಿಂದ ಬ್ಯಾಗು ಜಾರಿತು.

“ಅಕಿ ಕಪಾಟಿಗಿ ತಂದ ಕಟಗಿ ಮಾರಿಬಿಟ್ಟೆ. ಗೆರಿ ಅಳಸಾಕ ಕೈ ಬರಲಿಲ್ಲ. ಈ ಸಲ ಎಂಟು ದಿನದೊಳಗ ಮುಗಿಸಿದ್ರ ಏನೂ ಆಗಾಂಗಿಲ್ಲ ಅಂತ... ಹುಚ್ಚು ನನಗ. ನಿನ್ನ ಹಚ್ಚಿಕೊಳ್ಳಾಕ ಭಾಳ ಅಂಜಿಕಿ ಇತ್ತು.”

ಎಂಟು ದಿನ ಒಂದೇ ಹೆದರಿಕೆಯನ್ನು ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹೊತ್ತಿದ್ದರು. ಅವನ ಮೌನವನ್ನು ಅವಳು ತಾತ್ಸಾರ ಎಂದುಕೊಂಡಿದ್ದಳು. ಈಗ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

“ಬೆಳಿಗ್ಗಿಂದ ಮೈ ಬೆಚ್ಚಗದರಿ,” ಅಂದಳು ಮೆಲ್ಲಗೆ.

ಅವನ ಮುಖ ಬಿಳುಚಿತು. ಕನ್ನಡಿ ಕೆಳಗಿಟ್ಟು ಅವಳ ಹಣೆಯ ಮೇಲೆ ಕೈ ಇಟ್ಟ. ಈ ಸಲ ಹಿಂದೆ ತೆಗೆಯಲಿಲ್ಲ.

“ಜ್ವರ ಇಲ್ಲ,” ಅಂದ. ಮತ್ತೆ ಮುಟ್ಟಿ ನೋಡಿದ. “ಇಲ್ಲ.”

ಮಾಧುರಿ ಅವನ ಕಿವಿಯ ಹಿಂದಿನ ಪೆನ್ಸಿಲ್ ತೆಗೆದುಕೊಂಡು ಪಡಸಾಲೆಗೆ ನಡೆದಳು.

“ಬರ್ರಿ. ಕೆಳಗ ಕೂಡ್ರಿ, ಕಾಲು ಮಡಚಿ.”

“ಬ್ಯಾಡ, ಮಾಧುರಿ.”

“ನನ್ನ ಅಳೆಯುವಾಗ ನನ್ನ ಕೇಳಿದ್ರೇನು?”

ಅವನು ಕೂತ. ಅವನ ನೆತ್ತಿಯ ಮೇಲೆ ಅವಳು ಗೆರೆ ಎಳೆದಳು. ಅವಳ ಗೆರೆಗಿಂತ ನಾಲ್ಕು ಬೆರಳು ಮೇಲೆ ಬಂತು. ಇಂದೂಳ ಗೆರೆಯನ್ನು ಅವಳು ಅಳಿಸಲಿಲ್ಲ.

“ಕಪಾಟು ನಾಕ ಬಟ್ಟ ಎತ್ತರ ಮಾಡ್ರಿ. ಕನ್ನಡ್ಯಾಗ ಇಬ್ರೂ ಕಾಣಬೇಕು.”

“ಹಂಗಾದ್ರ ಇವತ್ತ ಮುಗ್ಯಾಂಗಿಲ್ಲ.” ಅವನ ಧ್ವನಿಯಲ್ಲಿ ಇನ್ನೂ ಆ ಹಳೆಯ ಅಂಜಿಕೆಯಿತ್ತು.

ಅವಳು ಪಕ್ಕದಲ್ಲೇ ಗೋಡೆಗೆ ಒರಗಿ, ತನ್ನ ಗೆರೆಯ ಕೆಳಗೆ ಕೂತಳು. ಅವನ ಅಂಗೈ ಹಿಡಿದಳು.

“ನಾಳೆ ಮಾಡ್ರಿ.”

“ನಾಳೆ?”

“ಹೂಂ. ನಾಳೆ ನಾ ಇಲ್ಲೇ ಇರ್ತೀನ್ರಿ.”