ಕಪಾಟಿನ ಮೇಲಿನ ಕುಂಬಳಕಾಯಿ

“ಅದೊಂದಕ್ಕೆ ಚಾಕು ತಾಗಿಸಬೇಡ ಕಣೆ,” ಎಂದಳು ಅಕ್ಕ. “ಕುಯ್ದ ಕೈ ಉಳಿಯಲ್ಲ.”

ಅಕ್ಕ ಎಂದರೆ ಗಂಡನ ಅಣ್ಣನ ಹೆಂಡತಿ. ಕಿರಿಸೊಸೆ ಈ ಮನೆಗೆ ಬಂದು ಒಂಬತ್ತೇ ದಿನ. ತವರಿನಿಂದ ಅವಳು ತಂದದ್ದು ಒಂದು ಹೊಲಿಗೆ ಯಂತ್ರ ಮತ್ತು ಎಂಥ ಬಟ್ಟೆಯನ್ನೂ ಗೆರೆ ಎಳೆಯದೆ ಕತ್ತರಿಸಬಲ್ಲ ಬಲಗೈ. ಶುಕ್ರವಾರದೊಳಗೆ ಶಾಲೆಯ ನಲವತ್ತು ಅಂಗಿ ಹೊಲಿದು ಕೊಡಬೇಕಿತ್ತು. ಅವಳ ಸ್ವಂತದ ಮೊದಲ ಕೆಲಸ ಅದು.

“ಕುಂಬಳಕಾಯಿ ಕಚ್ಚುತ್ತಾ ಅಕ್ಕ?” ಎಂದು ನಕ್ಕಳು.

ಹಜಾರದಲ್ಲಿ ಅತ್ತೆ ಸ್ವೆಟರ್ ಹೆಣೆಯುತ್ತಿದ್ದರು. ಎಪ್ಪತ್ತು ದಾಟಿದ್ದರೂ ಬೆರಳುಗಳು ಹದಿನಾರರವು. ಕಡ್ಡಿಗಳ ಟಿಕ್ ಟಿಕ್ ಮನೆಯ ಗಡಿಯಾರದಂತೆ ಬೆಳಗಿನಿಂದ ಕೇಳುತ್ತಲೇ ಇತ್ತು. ಈಗ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಅಡುಗೆಮನೆಗೆ ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಹಗಲು ಹತ್ತಕ್ಕೂ ಒಳಗೆ ಮಬ್ಬು. ಮಧ್ಯಾಹ್ನ ಗಂಡಸರು ಊಟಕ್ಕೆ ಬರುವವರು, ತರಕಾರಿ ಬುಟ್ಟಿಯಲ್ಲಿ ಒಂದು ಈರುಳ್ಳಿ ಸಿಪ್ಪೆಯೂ ಇರಲಿಲ್ಲ. ಕಪಾಟಿನ ಮೇಲೆ ಮಾತ್ರ ಆ ಕಾಯಿ ಕೂತಿತ್ತು. ಕಿರಿಯವಳು ಸ್ಟೂಲ್ ಹತ್ತಿ ಎರಡೂ ಕೈಯಲ್ಲಿ ಅಪ್ಪಿ ಇಳಿಸಿದಳು. ನಿದ್ದೆ ಹೋದ ಮಗುವಿನಷ್ಟು ಭಾರ. ತೊಟ್ಟು ಇರಬೇಕಾದ ಜಾಗದಲ್ಲಿ ಕಪ್ಪು ಮೇಣದ ಬಿರಡೆ. ಮೂಗು ಹತ್ತಿರ ತಂದರೆ ಸುಟ್ಟ ಕೂದಲಿನ ವಾಸನೆ.

ನಲ್ಲಿ ಬಿಟ್ಟು ತೊಳೆದಳು. ಮಣ್ಣು ಹೋಯಿತು. ವಾಸನೆ ಹೋಗಲಿಲ್ಲ.

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಮೂರು ವರ್ಷದಿಂದ ಅವಳ ಬಲಗೈ ಬಿದ್ದುಹೋಗಿತ್ತು. ನರದ ಕಾಯಿಲೆ ಎಂದಿದ್ದರು ವೈದ್ಯರು. ಸೆಕೆಯಲ್ಲೂ ಆ ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡೇ ಇರುತ್ತಿದ್ದಳು.

“ಬೇಡ ಅಂದ್ನಲ್ಲ. ಹಿಂದಕ್ಕಿಡು,” ಎಂದಳು. ತುಟಿ ಓರೆಯಾಯಿತು. “ಅಷ್ಟಕ್ಕೂ ಚಿಂದಿ ಹೊಲಿಯೋ ಕೈಗೆ ಕುಂಬಳಕಾಯಿ ಕುಯ್ಯೋಕೆ ಎಲ್ಲಿ ಬರುತ್ತೆ?”

ಟಿಕ್ ಟಿಕ್ ನಿಂತಿತು. ಶುರುವಾಯಿತು.

ಕಿರಿಯವಳಿಗೆ ಮೈ ಉರಿಯಿತು. ಬಂದ ದಿನದಿಂದ ಇದೇ ಚುಚ್ಚುಮಾತು. ಒದ್ದೆ ಬಟ್ಟೆಯನ್ನು ಮಡಿಚಿ ಹಲಗೆಯ ಮೇಲಿಟ್ಟು, ಉರುಳದಂತೆ ಕಾಯಿಯನ್ನು ಅದರ ಮೇಲೆ ಕೂರಿಸಿದಳು. ದೊಡ್ಡ ಚಾಕು ಕೈಗೆ ಸಿಗುವಂತೆ ಪಕ್ಕದಲ್ಲೇ ಇತ್ತು. ಆಗಷ್ಟೇ ಮಸೆದದ್ದು, ಅಲಗಿನಲ್ಲಿ ಕಲ್ಲಿನ ಪುಡಿ ಇನ್ನೂ ಅಂಟಿತ್ತು. ಬೇಡ ಎನ್ನುವ ಮನೆಯಲ್ಲಿ ಚಾಕು ಮಸೆದವರು ಯಾರು? ಆ ಪ್ರಶ್ನೆ ಹೊಳೆದು ಸರಿದುಹೋಯಿತು. ಸಿಟ್ಟಿನ ಕಣ್ಣಿಗೆ ಕಾಣುವುದು ಕಡಿಮೆ.

“ಮೂರನೇ ಸಲ ಹೇಳ್ತಿದೀನಿ, ಬೇಡ,” ಎಂದಳು ಅಕ್ಕ. ದನಿ ನಡುಗುತ್ತಿತ್ತು. ಕಣ್ಣು ನಗುತ್ತಿತ್ತು.

“ನನ್ನ ಕೈ, ನನ್ನಿಷ್ಟ.”

ಬಿರಡೆಯ ಪಕ್ಕಕ್ಕೆ ಮೊನೆ ಇಟ್ಟು ಒತ್ತಿದಳು.

ಹಜಾರದಲ್ಲಿ ಕಡ್ಡಿಗಳು ನಿಂತವು. ಮತ್ತೆ ಶುರುವಾಗಲಿಲ್ಲ.

ಚಾಕು ಎರಡು ಬೆರಳಿನಷ್ಟು ಇಳಿದು ಸಿಕ್ಕಿಕೊಂಡಿತು. ಅಲ್ಲಾಡಿಸಿದಳು. ಬರಲಿಲ್ಲ. ಒಳಗಿನಿಂದ ಯಾರೋ ಎಳೆದರು. ಹೌದು, ಎಳೆದರು. ಹಿಡಿ ಬಿಡಲು ನೋಡಿದಳು. ಬೆರಳು ಬಿಚ್ಚಲಿಲ್ಲ. ಅಲಗು ತಾನಾಗಿ ಕೆಳಗಿಳಿಯಿತು. ಸಿಪ್ಪೆ ಕರಕರ ಸೀಳಿತು. ಬೆಚ್ಚಗಿನ ಉಸಿರು ಮುಖಕ್ಕೆ ಬಡಿಯಿತು. ಕೊಳೆತ ರಕ್ತದ ವಾಸನೆ. ಕಾಯಿ ಎರಡು ಹೋಳಾಯಿತು.

ಒಳಗಿನ ತಿರುಳಿನಲ್ಲಿ ಒಂದು ಪೊಳ್ಳು. ಅಂಗೈಯ ಆಕಾರ. ಐದು ಬೆರಳಿನ ಗುರುತು. ಇಷ್ಟು ದಿನ ಒಂದು ಕೈ ಅಲ್ಲೇ ಮಲಗಿದ್ದು ಈಗಷ್ಟೇ ಎದ್ದು ಹೋದಂತೆ. ಸುತ್ತ ಬಿಳಿ ಬೀಜಗಳು, ಕಿತ್ತ ಉಗುರುಗಳಂತೆ.

ಬೆರಳ ತುದಿ ತಣ್ಣಗಾಯಿತು. ಮಣಿಕಟ್ಟು ತಣ್ಣಗಾಯಿತು. ಮೊಣಕೈ. ಭುಜ. ಚಾಕು ನೆಲಕ್ಕೆ ಬಿತ್ತು. ಕೈ ಒದ್ದೆ ಬಟ್ಟೆಯಂತೆ ಪಕ್ಕಕ್ಕೆ ಜೋತುಬಿತ್ತು.

“ಅಕ್ಕಾ!”

ಅಕ್ಕ ಬಂದಳು. ಶಾಲು ಜಾರಿತು. ಅದರೊಳಗಿಂದ ಬಿಳಿಚಿಕೊಂಡ ಬಲಗೈ ಮೆಲ್ಲಗೆ ಹೊರಬಂತು. ಬೆರಳು ಮಡಿಚಿತು, ಬಿಚ್ಚಿತು. ಅವಳು ಅಳುತ್ತಿದ್ದಳು. ಬಗ್ಗಿ ಚಾಕು ಎತ್ತಿಕೊಂಡಳು.

“ಮೂರು ಸಲ ಬೇಡ ಅನ್ನಬೇಕು. ಆದರೂ ಅವಳೇ ಕುಯ್ಯಬೇಕು,” ಎಂದಳು. “ಆಗಲೇ ಇದು ದಾಟೋದು. ನನಗೂ ಬೇಡ ಅಂತಲೇ ಹೇಳಿದ್ರು.”

“ಯಾರು?”

ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಅಕ್ಕ ಚಮಚದಿಂದ ಬೀಜ, ನಾರು ಕೆರೆದು ತೆಗೆದಳು. ಸಿಪ್ಪೆ ಹೆರೆದಳು. ಒಂದೇ ಅಳತೆಯ ಹೋಳು ಮಾಡಿ ಒಲೆಯ ಮೇಲಿಟ್ಟಳು. ಬೇಯುವ ಕುಂಬಳದ ಸಿಹಿ ವಾಸನೆ ಮನೆ ತುಂಬಿತು. ಅತ್ತೆ ಬೀಜದ ಬಟ್ಟಲನ್ನು ಕಿರಿಯವಳ ಎಡಗೈಗೆ ಕೊಟ್ಟರು.

“ತೊಳೆದು ಒಣಗಿಸು. ನಿನ್ನ ಮೈದುನನಿಗೆ ಹೆಣ್ಣು ನೋಡ್ತಿದ್ದೀವಿ. ಬಿತ್ತಿದರೆ ನಾಲ್ಕು ತಿಂಗಳಿಗೆ ಕಾಯಿ.”

ಅವಳು ಬಟ್ಟಲನ್ನು ಗೋಡೆಗೆ ಬೀಸಿ ಎಸೆದಳು. ಬೀಜಗಳು ಚೆಲ್ಲಾಡಿದವು. ಯಾರೂ ಬೈಯಲಿಲ್ಲ.

“ನಾನೂ ಎಸೆದಿದ್ದೆ,” ಎಂದರು ಅತ್ತೆ. ಅಷ್ಟೂ ಬೀಜವನ್ನು ಕಸದ ಜೊತೆ ಗುಡಿಸಿ ಹಾಕಿದರು.

ಶುಕ್ರವಾರ ಬಂತು. ಶಾಲೆಯವರು ನಲವತ್ತು ಅಂಗಿಯ ಬಟ್ಟೆಯನ್ನು ಹಾಗೇ ವಾಪಸ್ ಒಯ್ದರು. ಯಂತ್ರದ ಮೇಲೆ ಹೊದಿಕೆ ಬಿತ್ತು. ಗಂಡ ಅನ್ನ ಕಲಸಿಕೊಡುವಾಗ ಮುಖ ನೋಡುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮೈದುನನ ಮದುವೆ ಗೊತ್ತಾಯಿತು. ಹುಡುಗಿ ಬಡಗಿಯ ಮಗಳು. ಮರದಲ್ಲಿ ಹಕ್ಕಿ ಕೆತ್ತುತ್ತಾಳಂತೆ, ರೆಕ್ಕೆ ಬಡಿದು ಹಾರಿಬಿಡುತ್ತೇನೋ ಅನ್ನಿಸುವಷ್ಟು ಚೆನ್ನಾಗಿ.

ಅಂದು ಮಧ್ಯಾಹ್ನ ಕಿರಿಯವಳು ಅಡುಗೆಮನೆಯಲ್ಲಿ ಮಂಡಿಯೂರಿದಳು. ಕಪಾಟಿನ ಅಡಿಗೆ ಎಡಗೈ ತೂರಿಸಿ ಬಹಳ ಹೊತ್ತು ತಡಕಿದಳು. ಪೊರಕೆಗೆ ತಪ್ಪಿಸಿಕೊಂಡಿದ್ದ ಒಂದೇ ಒಂದು ಬೀಜ ಸಿಕ್ಕಿತು. ಧೂಳು ಒರೆಸಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದ ಉಂಡೆಗಳ ನಡುವೆ ಇಟ್ಟಳು.

ಆಮೇಲೆ ಗೋಡೆಗೆ ಮುಖ ಮಾಡಿ ಮೆತ್ತಗೆ ಹೇಳಿ ನೋಡಿದಳು.

“ಬೇಡ ಕಣೆ.”

ಹಜಾರದಲ್ಲಿ ಕಡ್ಡಿಗಳ ಟಿಕ್ ಟಿಕ್ ಒಂದು ಗಳಿಗೆ ನಿಂತಿತು.