ಎಂಬತ್ತನಾಲ್ಕು ಫೋಟೊ

“ಏನು ಬೇಕಾದ್ರೂ ತಗೊಳ್ಳಮ್ಮ. ಆ ತಗಡಿನ ಡಬ್ಬಿ ಮಾತ್ರ ಮುಟ್ಟಬೇಡ.”

ಈ ಮಾತು ಹೇಳುವಾಗ ಬಡಗಿಯ ಗರಗಸ ಅರ್ಧಕ್ಕೇ ನಿಂತಿತ್ತು. ಇಪ್ಪತ್ತೆರಡು ವರ್ಷಗಳಿಂದ ಕಾಲೇಜಿನ ಹಿಂಬದಿಯ ಶೆಡ್ಡಿನಲ್ಲಿ ಕೂತು ವಿದ್ಯಾರ್ಥಿಗಳ ಗೊಂಬೆ ಸಿನಿಮಾಗಳಿಗೆ ಅಂಗೈಯಗಲದ ಬಾಗಿಲು, ಬೆರಳುದ್ದದ ಕುರ್ಚಿ, ಮೇಜಿನ ಮೇಲೆ ಹಿಡಿಸುವಷ್ಟು ಬೀದಿ ಮಾಡಿಕೊಡುತ್ತಿದ್ದ ಮನುಷ್ಯ ಆತ. ಸುಮ್ಮಸುಮ್ಮನೆ ಬಾಯಿ ಬಿಡುವವನಲ್ಲ.

“ಯಾಕಣ್ಣ, ಒಳಗೆ ಹಾವಿದ್ಯಾ?”

“ಹಾವಾಗಿದ್ರೆ ಹೊಡೆದು ಹಾಕಬಹುದಿತ್ತು. ಅದು ಮೇಣ. ಹಿಂದೆ ಇಲ್ಲೊಬ್ಬ ಗೊಂಬೆ ಮಾಡೋನಿದ್ದ, ಅವನದ್ದು. ಮಾಟ ಮಾಡಿಸೋರಿಗೂ ಗೊಂಬೆ ಮಾಡಿಕೊಡ್ತಿದ್ದ. ಆ ಮೇಣಕ್ಕೆ ಯಾರ ಕೂದಲು ನೆಡ್ತೀವೋ ಅವರ ಮೈ ಆಮೇಲೆ ಗೊಂಬೆ ಮಾತು ಕೇಳತ್ತೆ.”

“ಹಾಗಿದ್ರೆ ಕೊಡಿ ಅಣ್ಣ, ಬೇಕೇ ಬೇಕು. ನನ್ನ ಕ್ಲಾಸಲ್ಲಿ ಒಬ್ಬರೂ ನನ್ನ ಮಾತು ಕೇಳಲ್ಲ.”

ಹೇಳಿ ಆ ವಿದ್ಯಾರ್ಥಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶೆಡ್ಡಿಗೆ ಕಾಲಿಟ್ಟು ಎರಡು ದಿನವೂ ಆಗಿರಲಿಲ್ಲ, ಆಗಲೇ ಈ ಠೇಂಕಾರ. ಮನೆಯಲ್ಲಿ ಅಕ್ಕ ಇವಳನ್ನು ಸಿಡುಕಿ ಎಂದು ಕರೆಯುತ್ತಿದ್ದಳು. ನಾವೂ ಹಾಗೇ ಕರೆಯೋಣ, ಅದಕ್ಕಿಂತ ಒಪ್ಪುವ ಹೆಸರು ಅವಳಿಗಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಸಿಡುಕಿಯನ್ನು ಸಾಕಿದ್ದು ಅಕ್ಕನ ಬಲಗೈ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಹೊಲಿಗೆ ಮಿಷನ್, ಬೆಳಗ್ಗೆಯಿಂದ ಸಂಜೆಯವರೆಗೆ ಅದರ ಕಟಕಟ ಸದ್ದು. ಮೂವತ್ತೆಂಟಕ್ಕೇ ಅಕ್ಕನ ಕಿವಿಯ ಬಳಿ ಕೂದಲು ನರೆತಿತ್ತು. ಗಿರಾಕಿಗಳ ಬಟ್ಟೆ ಮುಗಿಸಿ ಉಳಿದ ಹೊತ್ತಿನಲ್ಲಿ ತಂಗಿಯ ಗೊಂಬೆಗಳಿಗೆ ಅಂಗಿ, ಕೋಟು ಹೊಲಿಯುತ್ತಿದ್ದಳು. ಗೊಂಬೆಯ ತಲೆಗೆ ಸೂಜಿಯಿಂದ ಒಂದೊಂದೇ ಕೂದಲು ನೆಡುವವಳೂ ಅವಳೇ. ಆ ಕೈಯಲ್ಲಿ ಅಂಥ ಕಸುಬಿತ್ತು.

ಸಿಡುಕಿಯ ಸಿನಿಮಾ ಬಲು ಚಿಕ್ಕದು. ಮುದುಕನೊಬ್ಬ ಏಣಿ ಹತ್ತಿ ಮಾಳಿಗೆಯ ಆ್ಯಂಟೆನಾ ಸರಿಮಾಡುತ್ತಾನೆ, ಕೆಳಗೆ ಟಿವಿಯಲ್ಲಿ ಚಿತ್ರ ಬರುತ್ತದೆ, ಹೆಂಡತಿ ನಗುತ್ತಾಳೆ. ಅಷ್ಟೇ. ಮುದುಕನ ಜೇಡಿಮಣ್ಣಿನ ಮುಖಕ್ಕೇ ಅವಳು ಎರಡು ತಿಂಗಳು ಕೂತಿದ್ದಳು.

ಅದನ್ನು ನೋಡಲು ಬಂದ ಗೈಡ್ ಪ್ರೊಫೆಸರ್ ಗೊಂಬೆಯನ್ನು ಎತ್ತಿಕೊಂಡರು. ಸುತ್ತ ಇಡೀ ಕ್ಲಾಸು ನಿಂತಿತ್ತು.

“ಇದರ ಮುಖದಲ್ಲಿ ಜೀವ ಎಲ್ಲಿದೆ? ನೋಡು, ಹೀಗಿರ್ಬೇಕು,” ಎಂದು ಹೆಬ್ಬೆರಳನ್ನು ಮುದುಕನ ಕೆನ್ನೆಯೊಳಕ್ಕೆ ಒತ್ತಿದರು. ಕೆನ್ನೆ ಹೋಯಿತು, ಮೂಗು ಹೋಯಿತು, ಕಣ್ಣು ತುಟಿಯ ಹತ್ತಿರ ಬಂತು. ಯಾರೋ ಕಿಸಕ್ಕೆಂದರು. ಪ್ರೊಫೆಸರ್ ಗೊಂಬೆಯನ್ನು ಮೇಜಿಗೆ ಎಸೆದು, ಬೆರಳಿಗಂಟಿದ ಮಣ್ಣನ್ನು ಅವಳ ಸೆಟ್ಟಿನ ಪರದೆಗೆ ಒರೆಸಿದರು. “ಹದಿನೈದು ದಿನ ಕೊಡ್ತೀನಿ. ಆಗದಿದ್ರೆ ಈ ವರ್ಷ ಮರೆತುಬಿಡು.”

ಸಿಟ್ಟು ಬರುವಂಥದ್ದೇ. ನನಗೂ ಬರುತ್ತಿತ್ತು, ನಿಮಗೂ ಬರುತ್ತಿತ್ತು. ಆದರೆ ಸಿಟ್ಟು ಬಂದವರು ಬಾಗಿಲು ಬಡಿಯುತ್ತಾರೆ, ಊಟ ಬಿಡುತ್ತಾರೆ, ಬೈದು ಹಗುರಾಗುತ್ತಾರೆ. ಇವಳು ಅದೇನನ್ನೂ ಮಾಡಲಿಲ್ಲ. ಪ್ರೊಫೆಸರ್ ಮರೆತು ಹೋದ ಟೊಪ್ಪಿಯನ್ನು ಕುರ್ಚಿಯಿಂದ ಎತ್ತಿಕೊಂಡಳು. ಒಳಗೆ ಬೆವರಿಗೆ ಅಂಟಿದ್ದ ಏಳು ಬಿಳಿ ಕೂದಲನ್ನು ಚಿಮುಟದಿಂದ ಆರಿಸಿ ಕಾಗದದಲ್ಲಿ ಮಡಚಿದಳು. ಬಡಗಿ ಚಹಾಕ್ಕೆ ಹೋದಾಗ ಬೀರುವಿನ ತಳದಿಂದ ತಗಡಿನ ಡಬ್ಬಿ ಎಳೆದಳು.

ಮುಚ್ಚಳ ತೆಗೆದೊಡನೆ ಕಮಟು ಎಣ್ಣೆಯ ವಾಸನೆ, ಅದರಡಿ ಸುಟ್ಟ ಉಗುರಿನ ವಾಸನೆ. ಕಪ್ಪು ಮೇಣ ಮೆತ್ತಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಮಾಟವನ್ನು ಅವಳು ನಂಬುತ್ತಿದ್ದಳೇ? ಎಳ್ಳಷ್ಟೂ ಇಲ್ಲ. ಹಾಗಾದರೆ ಯಾಕೆ ಮಾಡಿದಳು ಎಂದು ಕೇಳಿ. ಮಾಡುವಾಗ ಹಿತವಾಗಿತ್ತು, ಅದಕ್ಕೇ ಮಾಡಿದಳು.

ಎರಡೆಳೆ ಅಲ್ಯೂಮಿನಿಯಂ ತಂತಿ ಹೊಸೆದು ಗೊಂಬೆಗೆ ಹೊಸ ಎಲುಬು ಕಟ್ಟಿದಳು. ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಬಟ್ಟೆ. ಈ ಸಲದ ಮುಖಕ್ಕೆ ಎರಡು ದಿನ ಸಾಕಾಯಿತು. ಜೋತುಬಿದ್ದ ಗಲ್ಲ, ಮೇಲೆತ್ತಿದ ಒಂದು ಹುಬ್ಬು, ಬಿಗಿದ ತುಟಿ. ಸಾಕ್ಷಾತ್ ಪ್ರೊಫೆಸರ್. ನೆತ್ತಿಗೆ ಕಪ್ಪು ಮೇಣ ಮೆತ್ತಿ ತಲೆಯನ್ನು ಮನೆಗೆ ಒಯ್ದಳು.

“ಅಕ್ಕ, ಇದಕ್ಕೆ ಈ ಕೂದಲು ನೆಟ್ಟುಕೊಡು.”

ಅಕ್ಕ ಕಾಗದ ಬಿಚ್ಚಿ ಮುಖ ಸಿಂಡರಿಸಿದಳು. “ಥೂ, ಯಾರದ್ದೇ ಇದು?”

“ಒಬ್ಬ ಮಹಾನುಭಾವರದ್ದು.”

“ಏನೇನೋ ಎತ್ಕೊಂಡು ಬರ್ತೀಯಪ್ಪ. ಈ ಮೇಣ ಎಲ್ಲಿಂದ ತಂದೆ, ಹೆಣದ ವಾಸನೆ ಹೊಡೀತಿದೆ.”

“ನೆಡ್ತೀಯೋ ಇಲ್ವೋ?”

“ನೆಡ್ತೀನಿ ಮಾರಾಯ್ತಿ, ಮೇಲೆ ಬೀಳಬೇಡ.”

ಬೆಳಗಾಗುವಷ್ಟರಲ್ಲಿ ಗೊಂಬೆಯ ತಲೆಯಲ್ಲಿ ಬಿಳಿಕೂದಲು ನೀಟಾಗಿ ಕೂತಿತ್ತು.

ಚಿತ್ರೀಕರಣದ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಹೊರಗೆ ಹನ್ನೊಂದು ಗಂಟೆಯ ಬಿಸಿಲಿದ್ದರೂ ಒಳಗೆ ಗವಿ. ಎರಡು ದೀಪದ ಬೆಳಕಿನಲ್ಲಿ ಮನೆಯ ಗೋಡೆ, ಏಣಿ, ಏಣಿಯ ತುದಿಯಲ್ಲಿ ಗೊಂಬೆ. ಕೂದಲೆಳೆಯಷ್ಟು ಸರಿಸಬೇಕು, ಫೋಟೊ ತೆಗೆಯಬೇಕು. ಮತ್ತೆ ಸರಿಸಬೇಕು, ಮತ್ತೆ ಫೋಟೊ. ಇಂಥ ಹನ್ನೆರಡು ಫೋಟೊ ಸೇರಿದರೆ ಸಿನಿಮಾದಲ್ಲಿ ಒಂದು ಸೆಕೆಂಡು. ಫೋನ್ ಗುಂಯ್‌ಗುಟ್ಟಿದರೂ ಮೇಜು ನಡುಗುತ್ತದೆಂದು ಅದನ್ನು ಆರಿಸಿ ಚೀಲಕ್ಕೆ ಹಾಕಿದಳು.

ಕತೆ ಬದಲಾಗಿತ್ತು. ಈಗ ಮುದುಕ ಬೀಳುತ್ತಾನೆ. ಏಣಿ ಬಲಗೈ ಮೇಲೆ ಬೀಳುತ್ತದೆ.

ಬೀಳಲು ಒಂದು ಸೆಕೆಂಡು ಧಾರಾಳ ಸಾಕು. ಸಿಡುಕಿ ಏಳು ಕೊಟ್ಟಳು. ಎಂಬತ್ತನಾಲ್ಕು ಫೋಟೊ. ಕಾಲು ಜಾರಿಸಿದಳು. ಸೊಂಟ ಬಾಗಿಸಿದಳು. ತೋಳನ್ನು ಬೆನ್ನ ಹಿಂದಕ್ಕೆ ಎಳೆದಳು, ನಿಧಾನವಾಗಿ, ತುಟಿ ಕಚ್ಚಿಕೊಂಡು. ದೀಪದ ಕಾವಿಗೆ ಮೇಣ ಬೆವರತೊಡಗಿತು, ಸುಟ್ಟ ಉಗುರಿನ ವಾಸನೆ ಗಂಟಲಿಗೆ ಇಳಿಯಿತು. ಸ್ಪಂಜಿನ ತೋಳು ಬೆಚ್ಚಗಾದಂತೆ ಅನ್ನಿಸಿತು. ದೀಪದ ಬಿಸಿ ಎಂದುಕೊಂಡಳು. ಕತೆಗೆ ಅಗತ್ಯವೇ ಇಲ್ಲದಿದ್ದರೂ ಮಣಿಕಟ್ಟನ್ನು ಮೊದಲಿನಿಂದಲೇ ಚೂರುಚೂರು ತಿರುಗಿಸುತ್ತ ಬಂದು ಒಂದು ಸುತ್ತು ಮಾಡಿದಳು. ಸಾಲದೆ ಕೊನೆಗೆ ಇನ್ನೊಂದು ಸುತ್ತು.

“ಒರೆಸು ಈಗ ನನ್ನ ಪರದೆಗೆ,” ಎಂದಳು. ಏಣಿಯನ್ನು ತಂದು ಆ ಕೈಯ ಮೇಲಿಟ್ಟಳು. ಕೊನೆಯ ಫೋಟೊ.

ಹೊರಗೆ ಬಂದಾಗ ಮೂರು ಗಂಟೆ. ಕಾರಿಡಾರಿನಲ್ಲಿ ಪ್ರೊಫೆಸರ್ ಚಹಾದ ಲೋಟ ಹಿಡಿದು, ಬಲಗೈ ಬೀಸಿ ಬೀಸಿ ಯಾರಿಗೋ ಜೋಕು ಹೇಳುತ್ತಿದ್ದರು. ಗುಂಡುಕಲ್ಲಿನಂತಿದ್ದರು. ಅವಳಿಗೆ ತನ್ನ ಮೇಲೇ ನಗು ಬಂತು. ಆ ನಗು ಮುಗಿಯುವ ಮೊದಲೇ, ಆನ್ ಮಾಡಿದ ಫೋನ್ ಕೈಯಲ್ಲಿ ಹೊಡೆದುಕೊಳ್ಳತೊಡಗಿತು.

ಪಕ್ಕದ ಮನೆಯಾಕೆ. “ಎಲ್ಲಿ ಸತ್ತಿದ್ದೆ ನೀನು? ಬೆಳಗ್ಗೆಯಿಂದ ಹೊಡ್ಕೋತಾ ಇದೀನಿ! ಆಸ್ಪತ್ರೇಲಿದೀವಿ. ನಿಮ್ಮಕ್ಕನ ಕೈ ತಾನಾಗೇ ಹಿಂದಕ್ಕೆ ತಿರುಗ್ತಾ ಹೋಯ್ತು ಕಣೇ. ಇಬ್ಬರು ಡಾಕ್ಟರು ಹಿಡ್ಕೊಂಡ್ರೂ ನಿಲ್ಲಲಿಲ್ಲ. ಈಗ ರಕ್ತ ಓಡ್ತಿಲ್ಲ ಅಂತಾರೆ. ಸಂಜೆವರೆಗೆ ನೋಡಿ ಕತ್ತರಿಸ್ತಾರಂತೆ.”

“ಅಕ್ಕನಿಗೆ ಕೊಡಿ.”

ಅಕ್ಕನ ದನಿ ಗುರುತು ಸಿಗದಂತಿತ್ತು. “ಸ್ಟೂಲಿಂದ ಬಿದ್ದೆ. ಆದರೆ ದಬಕ್ಕಂತ ಬೀಳಲಿಲ್ಲ ಕಣೇ. ಯಾರೋ ಹಿಡಿದು ಇಳಿಸಿದ ಹಾಗೆ, ನಿಧಾನಕ್ಕೆ, ಗಂಟೆಗಟ್ಟಲೆ ಬಿದ್ದೆ.”

“ಅಕ್ಕ, ಗೊಂಬೆಗೆ ಯಾವ ಕೂದಲು ನೆಟ್ಟೆ?”

“ಇದಾ ಈಗ ಕೇಳೋದು?”

“ಹೇಳಕ್ಕ!”

“ನೀನು ಕೊಟ್ಟಿದ್ದು ಗಿಡ್ಡ. ಸೂಜಿಗೆ ಸಿಗಲಿಲ್ಲ. ಅದನ್ನ ಕಸಕ್ಕೆ ಹಾಕಿ ನನ್ನ ನರೆಕೂದಲೇ ನೆಟ್ಟೆ. ನಿನಗೆ ಬಿಳಿದು ತಾನೇ ಬೇಕಿದ್ದಿದ್ದು?”

ಸಿಡುಕಿ ಓಡಿದಳು. ಕತ್ತಲ ಕೋಣೆಗೆ ನುಗ್ಗಿ ಏಣಿಯನ್ನು ಕಿತ್ತೆಸೆದಳು. ಒಂದು ಕೂದಲು ಹಿಡಿದು ಜಗ್ಗಿದ್ದೇ ತಡ, ಕಟ್ ಮಾಡದ ಫೋನಿನೊಳಗೆ ಅಕ್ಕ ಚೀರಿದಳು.

“ಕೀಳಬೇಡ!” ಬಾಗಿಲಲ್ಲಿ ಬಡಗಿ. ವಾಸನೆ ಹಿಡಿದು ಬಂದಿದ್ದ. ಗೊಂಬೆಯನ್ನು ನೋಡಿದ, ಇವಳನ್ನು ನೋಡಿದ. ಮುಖ ಕೆಂಪಗಾಯಿತು. “ಬಡ್ಕೊಂಡಿದ್ದೆ ನಾನು. ಕಿವೀಲಿ ಏನಿಟ್ಕೊಂಡಿದ್ದೆ?”

“ಅಣ್ಣ, ಬೈಯಿರಿ, ಹೊಡೀರಿ, ಆಮೇಲೆ. ಇದು ನಮ್ಮಕ್ಕ. ಹೇಗೆ ಬಿಡಿಸೋದು?”

“ಹೆಂಗೆ ಆಡಿಸಿದ್ಯೋ ಹಂಗೇ ಹಿಂದಕ್ಕೆ ಆಡಿಸ್ಬೇಕು. ಒಂದೊಂದೂ. ಒಂದು ಬಿಟ್ಟರೆ ಅಲ್ಲಿಗೇ ನಿಲ್ಲತ್ತೆ. ಮೊದಲಿನ ಜಾಗಕ್ಕೆ ಬಂದ್ರೆ ಕೂದಲು ತಾನೇ ಬಿಡತ್ತೆ.”

ಫೋಟೊಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಕಿತ್ತೆಸೆದ ಏಣಿಯನ್ನು ಮತ್ತೆ ಅದರ ಜಾಗಕ್ಕಿಟ್ಟು, ಪರದೆಯ ಮೇಲೆ ಎಂಬತ್ತಮೂರನೆಯದನ್ನು ತಂದಳು. ಅದಕ್ಕೆ ಹೊಂದುವವರೆಗೆ ಗೊಂಬೆಯನ್ನು ಸರಿಸಿದಳು. ಎಂಬತ್ತೆರಡು. ಎಂಬತ್ತೊಂದು. ಮೇಜಿನ ಮೇಲಿನ ಫೋನಿನಲ್ಲಿ ಪಕ್ಕದ ಮನೆಯಾಕೆ.

“ಬೆರಳು ಅಲ್ಲಾಡ್ತು! ಅಯ್ಯೋ, ಬಣ್ಣ ಬರ್ತಿದೆ ಕಣೇ!”

ಎಪ್ಪತ್ತು. ಮಣಿಕಟ್ಟಿನ ಒಂದು ಸುತ್ತು ಬಿಚ್ಚಿತು. ಸ್ಪಂಜಿನೊಳಗೆ ಏನೋ ಮಿಡಿಯುತ್ತಿತ್ತು. ದೀಪದ ಬಿಸಿಯಲ್ಲ. ನಾಡಿ. ಅವಳ ಬೆರಳ ಕೆಳಗೆ ಅಕ್ಕನ ನಾಡಿ.

ಐವತ್ತು. ತೋಳು ಬೆನ್ನಿನಿಂದ ಈಚೆ ಬಂತು. “ಭುಜ ಇಳೀತು,” ಎಂದಿತು ಫೋನು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ. ಕೈ ನಡುಗಿದರೆ ಅಕ್ಕ ನಡುಗುತ್ತಾಳೆ.

ಮೂವತ್ತು. ಗೊಂಬೆಯ ಬಾಯಿ ತೆರೆದಿತ್ತು. ಇವಳು ತೆರೆದಿರಲಿಲ್ಲ. ಬಿಗಿದ ತುಟಿಯನ್ನೇ ಕೆತ್ತಿದ್ದಳು. ಜೇಡಿಮಣ್ಣು ತಾನಾಗಿ ಸೀಳಿ, ಒಳಗೆ ಕತ್ತಲು. ಅಲ್ಲಿಂದ ಉಸಿರು.

“ಆ ಕಡೆ ನೋಡಬೇಡ. ಕೈ ನೋಡು,” ಎಂದ ಬಡಗಿ.

ಹದಿನೈದು. ಹದಿಮೂರು. ಹನ್ನೊಂದು. ಮಣಿಕಟ್ಟಿನಲ್ಲಿ ಇನ್ನೊಂದು ಚೂರು ತಿರುವು ಉಳಿದಿತ್ತು. ಹತ್ತು. ಇನ್ನು ಕೂದಲೆಳೆಯಷ್ಟು. ಒಂಬತ್ತು.

ಟಿಕ್.

ಎಷ್ಟು ಸಣ್ಣ ಸದ್ದು! ಅಲ್ಯೂಮಿನಿಯಂ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ತಿರುಗಿಸುತ್ತಿದ್ದರೆ ಮುರಿಯುತ್ತದೆ. ಗೊಂಬೆ ಮಾಡುವವರಿಗೆ ಮೊದಲ ವಾರದಲ್ಲೇ ಕಲಿಸುವ ಪಾಠ. ಅವಳಿಗೂ ಗೊತ್ತಿತ್ತು. ಅಗತ್ಯವಿಲ್ಲದ ಆ ಎರಡು ಸುತ್ತು ಕೊಡುವಾಗ ಮಾತ್ರ ಗೊತ್ತಿರಲಿಲ್ಲ. ಗೊಂಬೆಯ ಹಸ್ತ ಬಟ್ಟೆಯ ತೋಳಿನ ತುದಿಯಲ್ಲಿ ಜೋತುಬಿತ್ತು.

ಫೋನಿನಲ್ಲಿ ಯಾರೂ ಚೀರಲಿಲ್ಲ. ಅದೇ ಕೆಟ್ಟದಾಗಿತ್ತು.

“ನಿಲ್ಲಿಸ್ಬೇಡ,” ಎಂದ ಬಡಗಿ. “ಉಳಿದದ್ದಾದ್ರೂ ಮನೆಗೆ ಬರಲಿ.”

ಎಂಟು. ಏಳು. ಅಳುತ್ತಾ ಸರಿಸಿದಳು. ಮೂರು. ಎರಡು. ಒಂದು. ಗೊಂಬೆ ಏಣಿಯ ತುದಿಯಲ್ಲಿ ನೆಟ್ಟಗೆ ನಿಂತಿತು. ಮೇಣದಿಂದ ಬಿಳಿಕೂದಲು ಒಂದೊಂದೇ ಸಡಿಲಗೊಂಡು ಮೇಜಿನ ಮೇಲೆ ಉದುರಿತು.

ಅಕ್ಕ ಬದುಕಿದಳು. ತೋಳು ಉಳಿಯಿತು. ಮಣಿಕಟ್ಟಿನಿಂದ ಕೆಳಗೆ ಮಾತ್ರ ಚಲನೆಯೇ ಇಲ್ಲ. ಎಲುಬು ಸರಿಯಿದೆ, ನರ ಸರಿಯಿದೆ, ಯಾಕೆ ಆಡುತ್ತಿಲ್ಲವೋ ಗೊತ್ತಿಲ್ಲ ಎಂದರು ಡಾಕ್ಟರು. ಗಡುವಿನ ದಿನ ಸಿಡುಕಿ ಕಾಲೇಜಿಗೆ ಹೋಗಲಿಲ್ಲ. ಪ್ರೊಫೆಸರ್ ಅವಳ ಹೆಸರಿಗೆ ಗೀಟು ಎಳೆದರು. ಅದೇ ಬಲಗೈಯಿಂದ, ಆರಾಮಾಗಿ.

ಆ ದಿನ ಬೆಳಗ್ಗೆ ಅವಳು ಅಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದ್ದಳು. ಡಬ್ಬಿ, ಟೊಪ್ಪಿ, ಏಳು ಸೆಕೆಂಡು, ಎರಡು ಸುತ್ತು. ಅಕ್ಕ ಅಳಬಹುದು, ಬಾಚಿ ತಬ್ಬಿಕೊಳ್ಳಬಹುದು ಎಂದುಕೊಂಡಿದ್ದಳೋ ಏನೋ. ಅಕ್ಕ ಎಡಗೈಯಿಂದ ಕೆನ್ನೆಗೆ ರಪ್ಪನೆ ಬಾರಿಸಿದಳು.

“ಕೈ ಹೋಗಿದ್ದಕ್ಕಲ್ಲ ಇದು. ಒಬ್ಬರ ಕೈ ಮುರೀಲಿ ಅಂತ ನನ್ನ ಸೂಜೀಲಿ ಕೂದಲು ನೆಡಿಸಿದ್ಯಲ್ಲ, ಅದಕ್ಕೆ. ಅವರಿಗೇ ಆಗಿದ್ದಿದ್ರೆ ಬಂದು ನನ್ನ ಮುಂದೆ ಕೂತು ನಗ್ತಿದ್ದೆ. ಹೌದೋ ಅಲ್ವೋ?”

ಹೌದು ಎಂಬುದು ಇಬ್ಬರಿಗೂ ಗೊತ್ತಿತ್ತು.

“ಎದ್ದೇಳು,” ಎಂದಳು ಅಕ್ಕ. “ಗಿರಾಕಿ ಬಟ್ಟೆ ರಾಶಿ ಬಿದ್ದಿದೆ. ಮಿಷನ್ ಮುಂದೆ ಕೂತ್ಕೋ.”

ಕೂತಳು. ಅಕ್ಕ ಬೆನ್ನ ಹಿಂದೆ ನಿಂತಳು.

“ಬಟ್ಟೆ ಬಲಕ್ಕೆ ತಗೋ. ಅಷ್ಟಲ್ಲ, ಕಮ್ಮಿ. ಬೆರಳು ಮುಂದಿಡು. ತುಳಿ. ನಿಲ್ಲಿಸು. ಸ್ವಲ್ಪ ಸರಿಸು. ಇನ್ನೂ ಸ್ವಲ್ಪ. ತುಳಿ.”

ಮಧ್ಯಾಹ್ನವಾಯಿತು. ಬೆನ್ನು ಸೆಟೆದುಕೊಂಡಿತು, ಕಣ್ಣು ಉರಿಯಿತು. ಅಂಗಿಯ ಒಂದು ತೋಳು ಮುಗಿಯಿತು. ಸಿಡುಕಿ ಅದನ್ನು ಎತ್ತಿ ಹಿಂದಕ್ಕೆ ಹಿಡಿದಳು. ಅಕ್ಕ ಎಡಗೈಯಲ್ಲಿ ಹೊಲಿಗೆಯನ್ನು ಉದ್ದಕ್ಕೂ ತಡವಿ ನೋಡಿ ಅವಳ ಮಡಿಲಿಗೆ ಎಸೆದಳು.

“ಸೊಟ್ಟ ಹೋಗಿದೆ. ಬಿಚ್ಚು. ಮೊದಲಿಂದ ಹೊಲಿ.”