ಭಂಡಾರ ಹಚ್ಚಿದ ಬ್ರೇಕ್ ಪ್ಯಾಡ್

ಕಾರಿನ ಹಿಂದಿನ ಗಾಲಿಯ ಕೆಸರು ಒರೆಸುತ್ತಿದ್ದ ಶೀತಲಳ ಕೈ ಅಲ್ಲೇ ನಿಂತಿತು.

ಗಾಲಿಯ ಸಂದಿಯಿಂದ ಬ್ರೇಕ್ ಪ್ಯಾಡಿನ ಅಂಚು ಕಾಣುತ್ತಿತ್ತು. ಬ್ಯಾಟರಿ ಹಾಕಿ ನೋಡಿದಳು. ಹಳದಿ ಎಲ್ಲಿ?

ಮೊನ್ನೆ ಹೊಸ ಪ್ಯಾಡುಗಳನ್ನು ಗ್ಯಾರೇಜಿಗೆ ಕೊಡುವ ಮುಂಚೆ ಅವ್ವ ದೇವರ ಮುಂದಿಟ್ಟು, ಯಲ್ಲಮ್ಮನ ಗುಡಿಯಿಂದ ತಂದ ಅರಿಶಿನದ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಮೈತುಂಬ ಸವರಿದ್ದಳು. ಹೊಸದೇನು ಬಂದರೂ ಮನೆಯ ಪದ್ಧತಿ ಅದು. ಈಗ ಒಂದು ಚುಕ್ಕೆಯೂ ಇಲ್ಲ...

'ಅಂದರೆ ಇವು ನಾವು ಕೊಟ್ಟವಲ್ಲ. ಸಿದ್ಧಾರೂಢ ಬದಲಿಸಿದ್ದಾನೆ!'

2006ರ ಬೈಲಹೊಂಗಲದಲ್ಲಿ ಹಿಂದಿನ ಗಾಲಿಗೂ ಡಿಸ್ಕ್ ಬ್ರೇಕ್ ಇದ್ದ ಕಾರುಗಳು ಎರಡೋ ಮೂರೋ. ಅವುಗಳ ಕೆಲಸ ಬಲ್ಲ ಮೇಸ್ತ್ರಿ ಸಿದ್ಧಾರೂಢನೊಬ್ಬನೇ. ಅವನ ತಾಯಿ ಕಾಡವ್ವ ನಾಳೆ ಮಗನಿಗೆ ಶೀತಲಳನ್ನು ಕೇಳಲು ಬರುವವಳಿದ್ದಳು. ತನ್ನ ಅಪ್ಪ ಸೋಮಪ್ಪನೇ ಹಿಂದೆ ನಿಂತು ಕರೆಸಿದ್ದಾನೆಂದು ಶೀತಲಳ ಗುಮಾನಿ. "ನೀ ಹೂಂ ಅಂದ್ರ ಸಾಕವ್ವಾ" ಎಂದು ಅವನು ದಿನಕ್ಕೆ ಮೂರು ಸಲ ಅನ್ನುತ್ತಿದ್ದ.

ಅವಳಿಗೆ ಆ ಒಂದು ಮಾತೇ ಕಷ್ಟ. ನಾಲ್ಕು ವರ್ಷದ ಹಿಂದೆ ರಾಮದುರ್ಗದ ವರನಿಗೆ ಹೂಂ ಅಂದಿದ್ದಳು. ಅವನಿಗೆ ಮೊದಲೇ ಒಬ್ಬ ಹೆಂಡತಿ ಇದ್ದಾಳೆಂಬುದು ಅರಿಶಿನ ಹಚ್ಚುವ ದಿನ ಗೊತ್ತಾಗಿ ಮದುವೆ ಮುರಿದಿತ್ತು. ಅಂದಿನಿಂದ ಹಾಲಿನವನ ಅಳತೆಯನ್ನೂ ಎರಡು ಸಲ ನೋಡುವವಳಾಗಿದ್ದಳು.

ಒರೆಸುವ ಬಟ್ಟೆ ಎಸೆದು, ಕಾರನ್ನು ನೆಟ್ಟಗೆ ಗ್ಯಾರೇಜಿಗೆ ಒಯ್ದಳು.

"ಹಿಂದಿನ ಪ್ಯಾಡ್ ಬಿಚ್ರಿ. ನನ್ನ ಮುಂದ ಬಿಚ್ರಿ."

ಸಿದ್ಧಾರೂಢ ಕೈ ಒರೆಸಿಕೊಳ್ಳುತ್ತ ಅವಳ ಮುಖ ನೋಡಿದ. "ಮೊನ್ನೆ ಹಾಕೇನಲ್ರಿ?"

"ಅದಕ್ಕಽ ಬಿಚ್ರಿ."

ಅವನು ವಾದಿಸಲಿಲ್ಲ. ವಾದಿಸದಿದ್ದುದೇ ಅವಳ ಅನುಮಾನವನ್ನು ಹೆಚ್ಚಿಸಿತು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟ, ಗೇರಿಗೆ ಹಾಕಿದ. ಆಮೇಲೆ ಒಳಗೆ ಬಾಗಿ ಹ್ಯಾಂಡ್ ಬ್ರೇಕ್ ಇಳಿಸಿಬಿಟ್ಟ.

"ಅದನ್ಯಾಕ ಇಳಸಿದ್ರಿ? ಗಾಡಿ ಉರುಳಿ ಹೋಗ್ಲಿ ಅಂತೇನು?"

"ಹಿಂದಿನ ಪ್ಯಾಡ್ ಹಿಡಕೊಂಡಿರೂದಽ ಅದ್ರೀ. ಎಳದಿಟ್ರ ಎಷ್ಟ ಜಗ್ಗಿದ್ರೂ ಬರಂಗಿಲ್ಲ. ಉರುಳಬಾರ್ದಂತ ಕಲ್ಲ ಕೊಟ್ಟೇನಿ. ನೀವ ಈ ಕಡೆ ಸರೀರಿ."

ಜ್ಯಾಕ್ ಎತ್ತಿದ. ಅದರ ಪಕ್ಕದಲ್ಲೇ ಕಬ್ಬಿಣದ ಸ್ಟ್ಯಾಂಡ್ ಒಂದನ್ನು ಒಳಗೆ ಸರಿಸಿದ.

"ಜ್ಯಾಕ್ ಐತೆಲ್ಲ, ಮತ್ತಿದ್ಯಾಕ?"

"ಅದೊಂದನ್ನಽ ನಂಬಿ ಕೈ ಹಾಕಬಾರ್ದ್ರೀ."

"ನನಗಿಂತ ನಿಮಗಽ ಅನುಮಾನ ಜಾಸ್ತಿ ಬಿಡ್ರಿ."

ಅವನು ನಕ್ಕ. ಅವಳು ನಗಲಿಲ್ಲ.

ಗಾಲಿ ಕಳಚಿತು. ಧೂಳನ್ನು ಬಾಯಿಂದ ಊದಲಿಲ್ಲ, ಎದೆಗೆ ಹೋಗುತ್ತದೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಎರಡು ಬೋಲ್ಟು ಬಿಚ್ಚಿ, ಪ್ಯಾಡುಗಳನ್ನು ಅಪ್ಪಿ ಹಿಡಿದಿದ್ದ ಕ್ಯಾಲಿಪರನ್ನು ಎತ್ತಿ, ಬ್ರೇಕಿನ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಿಂದ ನೇತು ಹಾಕಿದ. ಎಳಗೂಸಿನ ತಲೆ ಹಿಡಿದಷ್ಟು ನಾಜೂಕು.

'ಇಷ್ಟು ಜತನ ಮಾಡುವ ಕೈ ಮೋಸ ಮಾಡೀತೇ? ಮಾಡೀತು... ರಾಮದುರ್ಗದವನೂ ಎಷ್ಟು ಮೆತ್ತಗೆ ಮಾತಾಡುತ್ತಿದ್ದ!'

ಪ್ಯಾಡುಗಳು ಹೊರಬಂದವು. ದಪ್ಪ, ಹೊಸವು, ಕಲೆಯಿಲ್ಲದವು.

"ಇವು ನಾವು ಕೊಟ್ಟಾವಲ್ಲ."

"ಅಲ್ರಿ."

ಇಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ! "ನಮ್ಮ ಪ್ಯಾಡ್ ಯಾರ ಗಾಡಿಗೆ ಹಾಕಿದ್ರಿ?"

ಅವನು ಒಳಗೆ ಹೋಗಿ, ದೇವರ ಫೋಟೋ ಇಟ್ಟಿದ್ದ ಗೋಡೆಯ ಮಾಡದಿಂದ ಒಂದು ಗಂಟು ತಂದು ಬಿಚ್ಚಿದ. ಅವೇ ಪ್ಯಾಡುಗಳು. ಎಣ್ಣೆ ಇಂಗಿ ಭಂಡಾರ ಕಪ್ಪಿಟ್ಟಿತ್ತು.

"ಪ್ಯಾಡಿಗೆ ಎಣ್ಣಿ ತಾಗಿದ್ರ ಕುಡದಬಿಡತಾವ್ರಿ. ಒರಸಿದ್ರೂ ಹೋಗಂಗಿಲ್ಲ. ನೀವ ಯಲ್ಲಮ್ಮನ ಗುಡ್ಡ ಇಳಿಯೂ ಮುಂದ ಬ್ರೇಕ್ ಹಿಡೀದಿದ್ರ? ಹುಬ್ಬಳ್ಳಿಯಿಂದ ಬ್ಯಾರೆ ತರಿಸಿ ಹಾಕಿದೆ."

"ಮತ್ತ ಹೇಳಾಕೇನಾಗಿತ್ತು?"

"ನಿಮ್ಮವ್ವಾರು ಭಕ್ತಿಲೆ ಹಚ್ಚಿದ್ರು. ಅದು ತಪ್ಪು ಅಂತ ಹ್ಯಾಂಗ ಹೇಳಲಿ? ಒಗಿಯಾಕೂ ಮನಸಾಗಲಿಲ್ಲ."

ಸಿಟ್ಟು ಇಳಿಯಿತು. ಅದರ ಕೆಳಗೆ ಇನ್ನೇನೋ ಉಳಿದಿತ್ತು. "ಒಬ್ಬ ಹೇಳದಽ ಇದ್ದದ್ದಕ್ಕಽ ನಾನು ಏನೇನ ಉಂಡೇನಿ, ಊರಿಗೆಲ್ಲ ಗೊತ್ತೈತಿ. ನಿಮಗೂ ಗೊತ್ತೈತಿ."

ಅವನು ತಲೆ ತಗ್ಗಿಸಿದ. "ಗೊತ್ತೈತ್ರಿ. ತಪ್ಪಾತು. ಇನ್ನ ಬೈಸಿಕೊಂಡ್ರೂ ಹೇಳತೇನಿ..." ಬೋಲ್ಟು ಬಿಚ್ಚಿದ ಪಾನಾವನ್ನು ಕೈಯಲ್ಲಿ ತಿರುಗಿಸಿದ. "ಹಂಗಾದ್ರ ಇನ್ನೊಂದು ಹೇಳಬೇಕು. ನಮ್ಮವ್ವನ್ನ ನಿಮ್ಮಪ್ಪಾರು ಕರಸ್ಯಾರಂತ ನೀವ ತಿಳಕೊಂಡಿರಬೇಕು, ಅವರಲ್ಲ. ನಾನಽ ಕಳಸಾಕತ್ತೇನಿ."

"ಯಾಕ?"

"ಎಲ್ಲಾರೂ ಗಾಡಿ ಬಿಟ್ಟ ಹೋಗತಾರ. ನಿಂತು ನೋಡವರು, ಪ್ರತಿಯೊಂದಕ್ಕೂ ಯಾಕ ಅಂತ ಕೇಳವರು ನೀವೊಬ್ಬರಽ. ನೀವ ಹೋದಮ್ಯಾಲೂ ಇಡೀ ದಿನ ನಿಮಗ ಉತ್ತರ ಹೇಳಕೋಂತ ಇರತೇನ್ರಿ."

ಶೀತಲ ರಸ್ತೆಯ ಕಡೆ ತಿರುಗಿ ನಿಂತಳು. ಕಿವಿ ಬಿಸಿಯಾಗಿತ್ತು. ಹಿಂದೆ ಅವನು ಕ್ಯಾಲಿಪರಿನ ಪಿಸ್ಟನ್ ತಿರುಗಿಸಿ ಒಳಗೆ ಕೂರಿಸುವ, ಕಲೆಯಿಲ್ಲದ ಪ್ಯಾಡುಗಳನ್ನೇ ಮತ್ತೆ ಹಾಕಿ ಬೋಲ್ಟು ಬಿಗಿಯುವ ಸದ್ದು ಕೇಳುತ್ತಿತ್ತು.

"ಹೊಂಡೂ ಮೊದ್ಲ ಪೆಡಲ್ ನಾಕೈದ ಸಲ ಒತ್ರಿ. ಮೊದಲ ಖಾಲಿ ಹೋಗತೈತಿ, ಅಂಜಬ್ಯಾಡ್ರಿ."

ಒತ್ತಿದಳು. ಪಾದ ತಳದವರೆಗೆ ಜಾರಿತು. ಮತ್ತೆ ಒತ್ತಿದಳು. ಮೂರನೆಯದಕ್ಕೆ ಏನೋ ಎದುರಾಯಿತು. ನಾಲ್ಕನೆಯದಕ್ಕೆ ಗಟ್ಟಿಯಾಗಿ ನಿಂತಿತು.

"ಹಿಡೀತ್ರಿ?"

"ಹಿಡೀತು."

"ನಾಳೆ ಅವ್ವ ಬರಲೇನ್ರಿ?"

"ಬರಲಿ. ಬಂದವರಿಗೆ ಚಾ ಇಲ್ಲ ಅನ್ನೂ ಮನಿ ಅಲ್ಲ ನಮ್ಮದು."

ಅದರಿಂದ ಅವನಿಗೇನೂ ತಿಳಿಯಲಿಲ್ಲ. ತಿಳಿಯದಿರಲಿ ಎಂದೇ ಅವಳು ಹಾಗೆ ಅಂದದ್ದು.

ಮನೆಯಲ್ಲಿ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ. "ಏನಾತವ್ವಾ?"

"ಏನಿಲ್ಲ, ಬ್ರೇಕ್ ಚೊಲೊ ಅದಾವ."

ಒಳಗೆ ಹೋಗಿ ಅಡುಗೆಮನೆಯ ಗೋಡೆಯ ಹಲಗೆಯಿಂದ ಹಿತ್ತಾಳೆಯ ಲೋಟಗಳನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. ನಾಳೆ ಕಾಡವ್ವನ ಕೈಗೆ ಚಹಾ ಕೊಟ್ಟು, ಅಪ್ಪ ಬಾಯಿ ತೆರೆಯುವ ಮೊದಲೇ, ತಾನೇ ಹೂಂ ಅನ್ನುವವಳಿದ್ದಳು. ಇದನ್ನು ಅವಳು ಅವ್ವನಿಗೂ ಹೇಳಲಿಲ್ಲ.